ಕ್ಲಸ್ಟರ್ ಅಕೌಂಟ್ ಬೇಕಾ? ಮೊದಲು ಒಂದು ಸ್ಯಾಂಪಲ್ ಓಡಿಸಿ

ಕ್ಲಸ್ಟರ್ ಅಂದರೆ ಒಟ್ಟಿಗೆ ಜೋಡಿಸಿದ ಹಲವು ಕಂಪ್ಯೂಟರುಗಳು, ಕೋರ್ ಅಂದರೆ ಅವುಗಳೊಳಗೆ ಲೆಕ್ಕ ಮಾಡುವ ಘಟಕ. ಅಲ್ಲಿ ಅಕೌಂಟ್ ಬೇಕಾದಾಗ ನಮ್ಮ ರಾಯಚೂರಿನ ಲ್ಯಾಬಿಗೆ ಹೊಸದಾಗಿ ಬಂದವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಇದು: "ಅಕ್ಕಾ, ಫಾರ್ಮಿನಲ್ಲಿ ಕೋರ್ ಎಷ್ಟು ಅಂತ ಹಾಕಲಿ?" ನಾನು ಹೇಳುವುದೂ ಒಂದೇ. ಫಾರ್ಮ್ ಪಕ್ಕಕ್ಕಿಡು, ಇಲ್ಲಿನ ಕಂಪ್ಯೂಟರಿನಲ್ಲೇ ಒಂದು ಸ್ಯಾಂಪಲ್ ಓಡಿಸಿ ಬಾ.

ಬೆಂಗಳೂರಿನ ಐಐಎಸ್‌ಸಿಯಲ್ಲಿ ಪರಮ್ ಪ್ರವೇಗ ಇದೆ. ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಮಿಷನ್ ಅಡಿಯಲ್ಲಿ 2022ರಲ್ಲಿ ಬಂದ, 3.3 ಪೆಟಾಫ್ಲಾಪ್ (ಸೆಕೆಂಡಿಗೆ 3.3 ಸಾವಿರ ಲಕ್ಷ ಕೋಟಿ ಲೆಕ್ಕ) ಶಕ್ತಿಯ ಯಂತ್ರ. ಇಂಥ ಹೆಸರು ಕೇಳಿದ ಕೂಡಲೇ ಸಾವಿರ ಕೋರ್ ಕೇಳೋಣ ಅನ್ನಿಸುತ್ತದೆ. ಸುಮ್ನೆ ಕೇಳಿ ಪ್ರಯೋಜನವಿಲ್ಲ. ಡಿಎನ್‌ಎ ತುಣುಕುಗಳನ್ನು ಜೀನೋಮ್ ಜೊತೆ (ಅಂದರೆ ಪೂರ್ತಿ ಡಿಎನ್‌ಎ ಜೊತೆ) ಹೊಂದಿಸಲು ನಾವು ಬಳಸುವ ಬಿಡಬ್ಲ್ಯೂಎ ತರಹದ ಸಾಫ್ಟ್‌ವೇರ್ ಒಂದು ನೋಡ್ (ಕ್ಲಸ್ಟರಿನ ಒಂದು ಕಂಪ್ಯೂಟರ್) ದಾಟಿ ಆಚೆ ಹೋಗುವುದೇ ಇಲ್ಲ. ಉಳಿದ ನೋಡ್‌ಗಳು ಖಾಲಿ ಕೂತಿರುತ್ತವೆ, ಲೆಕ್ಕ ಮಾತ್ರ ನಿಮ್ಮ ಹೆಸರಿಗೆ ಬೀಳುತ್ತದೆ.

ಹಾಗಾಗಿ ಮೊದಲು ಅಳತೆ. ಲಿನಕ್ಸ್‌ನಲ್ಲಿ ಬರೀ time ಅಲ್ಲ, /usr/bin/time ಅಂತ ಬರೆದು '-v' ಆಯ್ಕೆ ಕೊಟ್ಟು ಓಡಿಸಿದರೆ ಎಷ್ಟು ಹೊತ್ತು ಹಿಡಿಯಿತು, ಮೆಮೊರಿ ಎಲ್ಲಿಯವರೆಗೆ ಏರಿತು ಎರಡೂ ಸಿಗುತ್ತವೆ. ಒಂದು ಭತ್ತದ ಸ್ಯಾಂಪಲ್‌ಗೆ 8 ಕೋರ್‌ನಲ್ಲಿ 3 ಗಂಟೆ ಬೇಕಾಯಿತು ಅಂದುಕೊಳ್ಳಿ. ಅದು 24 ಕೋರ್-ಗಂಟೆ. 40 ಸ್ಯಾಂಪಲ್‌ಗೆ 960. ಕೆಲವು ಜಾಬ್ ಕೆಟ್ಟು ಮತ್ತೆ ಓಡಿಸಬೇಕಾಗುತ್ತದೆ, ಅದಕ್ಕೊಂದಿಷ್ಟು ಸೇರಿಸಿ 1,250 ಕೇಳಿ. ಭತ್ತದ ಲೆಕ್ಕವನ್ನು ಹತ್ತಿಗೆ ಹಚ್ಚಬೇಡಿ. ಭತ್ತದ ಜೀನೋಮ್ ಸುಮಾರು 40 ಕೋಟಿ ಅಕ್ಷರದ್ದು, ನಮ್ಮ ಹೊಲಗಳಲ್ಲಿ ಜಾಸ್ತಿ ಬೆಳೆಯುವ ಅಮೆರಿಕನ್ ಹತ್ತಿಯದು 200 ಕೋಟಿಗೂ ಮೀರಿದ್ದು. ಟೈಮೂ ಮೆಮೊರಿಯೂ ಅದಕ್ಕೆ ತಕ್ಕಂತೆ ಏರುತ್ತವೆ.

ಈ ಲೆಕ್ಕ ಕೈಯಲ್ಲಿದ್ದರೆ ಫಾರ್ಮ್ ತುಂಬುವುದು ಅರ್ಧ ಗಂಟೆಯ ಕೆಲಸ. ಅರ್ಜಿ ಸಾಮಾನ್ಯವಾಗಿ ಗೈಡ್ ಹೆಸರಿನಲ್ಲಿ ಹೋಗುತ್ತದೆ, ಅವರ ಸಹಿ ಬೇಕು. ಸರ್ ಊರಲ್ಲಿದ್ದಾಗಲೇ ಹಾಕಿಸಿಕೊಳ್ಳಿ. ಜಿಮೇಲ್ ಬೇಡ, ಸಂಸ್ಥೆಯ ಇಮೇಲ್ ಕೊಡಿ. ಹೊರಗಿನವರಿಗೆ ಶುಲ್ಕ ಇದೆಯಾ ಅಂತ ಮೊದಲೇ ಕೇಳಿ, ಪ್ರಾಜೆಕ್ಟ್ ಬಜೆಟ್‌ನಲ್ಲಿ ಅದಕ್ಕೊಂದು ಸಾಲು ಬೇಕಾಗುತ್ತದೆ.

ಕೆಲವು ಕಡೆ ಪಾಸ್‌ವರ್ಡ್ ಬದಲು ಎಸ್‌ಎಸ್‌ಎಚ್ ಕೀ (ದೂರದ ಕಂಪ್ಯೂಟರಿಗೆ ಲಾಗಿನ್ ಆಗುವ ಡಿಜಿಟಲ್ ಕೀಲಿ) ಕೇಳುತ್ತಾರೆ. ಕೀ ಮಾಡಿದಾಗ ಎರಡು ಫೈಲ್ ಬರುತ್ತವೆ. '.pub' ಅಂತ ಮುಗಿಯುವುದನ್ನು ಕಳಿಸಿ. ಇನ್ನೊಂದನ್ನು ಯಾರಿಗೂ ಕೊಡಬೇಡಿ, ಅಡ್ಮಿನ್ ಕೇಳಿದರೂ ಸರಿ. ಅಸಲಿ ಅಡ್ಮಿನ್ ಕೇಳುವುದೂ ಇಲ್ಲ.

ಲಾಗಿನ್ ಆದ ಮೇಲೆ ನೀವು ನಿಂತಿರುವುದು ಲಾಗಿನ್ ನೋಡ್‌ನಲ್ಲಿ. ಅದು ಬಸ್ ಸ್ಟ್ಯಾಂಡಿನ ವಿಚಾರಣೆ ಕೌಂಟರ್ ಇದ್ದ ಹಾಗೆ, ಅಲ್ಲೇ ಹಾಸಿಗೆ ಹಾಸಿದರೆ ಎಲ್ಲರೂ ಬೈಯುತ್ತಾರೆ. ಫೈಲ್ ತಿದ್ದಿ, ಸ್ಕ್ರಿಪ್ಟ್ ಬರೆದು, ಸ್ಲರ್ಮ್ (ಜಾಬ್‌ಗಳ ಸರದಿ ನೋಡಿಕೊಳ್ಳುವ ಸಾಫ್ಟ್‌ವೇರ್) ಇದ್ದರೆ ಅದರ ಎಸ್‌ಬ್ಯಾಚ್ (sbatch) ಕಮಾಂಡಿನಿಂದ ಜಾಬ್ ಸರದಿಗೆ ಹಾಕಿ. ಸ್ಕ್ರಿಪ್ಟಿನಲ್ಲಿ ಟೈಮ್ ಬರೆಯುವಾಗ ಜಿಪುಣತನವೂ ಬೇಡ, ದುರಾಸೆಯೂ ಬೇಡ. ಕೊಟ್ಟ ಟೈಮ್ ಮುಗಿದರೆ ಸ್ಲರ್ಮ್ ಜಾಬನ್ನು ನಿಲ್ಲಿಸಿಬಿಡುತ್ತದೆ. 4 ಗಂಟೆಯ ಕೆಲಸಕ್ಕೆ 48 ಗಂಟೆ ಕೇಳಿದರೂ ಕಷ್ಟವೇ, ಯಾಕೆಂದರೆ ದೊಡ್ಡ ಜಾಬ್‌ಗಳ ನಡುವಿನ ಸಣ್ಣ ಸಂದಿಗಳಿಗೆ ಅದು ತೂರುವುದಿಲ್ಲ. ನಾನು ಅಳತೆಯ ಒಂದೂವರೆ ಪಟ್ಟು ಹಾಕುತ್ತೇನೆ.

ಇನ್ನು ಕರೆಂಟ್. ಶಕ್ತಿನಗರದ ವಿದ್ಯುತ್ ಸ್ಥಾವರದ ಚಿಮಣಿ ಇಷ್ಟು ಹತ್ತಿರ ಇದ್ದರೂ ಬೇಸಿಗೆಯಲ್ಲಿ ನಮ್ಮ ಲ್ಯಾಬಿನ ಯುಪಿಎಸ್ ಕೂಗುವುದು ತಪ್ಪಿಲ್ಲ! ಸರದಿಗೆ ಹಾಕಿದ ಜಾಬ್‌ಗೆ ಅದರಿಂದ ಏನೂ ಆಗುವುದಿಲ್ಲ, ಅದು ಅಲ್ಲಿ ಓಡುತ್ತಿರುತ್ತದೆ. ಹಾಳಾಗುವುದು ಅರ್ಧ ಕಳಿಸಿದ ಡೇಟಾ. ಅದಕ್ಕೇ ಫೈಲ್ ಕಳಿಸಲು ಎಸ್‌ಸಿಪಿ (scp) ಕಮಾಂಡ್ ಬಿಟ್ಟು ಆರ್‌ಸಿಂಕ್ (rsync) ಬಳಸಿ, '--partial' ಆಯ್ಕೆ ಹಾಕಿ. ಕರೆಂಟ್ ಬಂದ ಮೇಲೆ ಅದೇ ಕಮಾಂಡ್ ಮತ್ತೆ ಕೊಟ್ಟರೆ ಸಾಕು, ಮೊದಲಿಂದ ಕಳಿಸುವ ಗೋಳಿಲ್ಲ. ಕ್ಲಸ್ಟರಿನ ಸ್ಕ್ರ್ಯಾಚ್ ಜಾಗಕ್ಕೆ (ಜಾಬ್ ಓಡುವಾಗ ತಾತ್ಕಾಲಿಕವಾಗಿ ಫೈಲ್ ಇಡುವ ಜಾಗ) ಸಾಮಾನ್ಯವಾಗಿ ಬ್ಯಾಕಪ್ ಇರುವುದಿಲ್ಲ, ಹಳೆಯ ಫೈಲ್ ತಾನಾಗಿ ಅಳಿಸುವ ಕಡೆಗಳೂ ಇವೆ. ರಿಸಲ್ಟ್ ಬಂದ ದಿನವೇ ಇಳಿಸಿಕೊಳ್ಳಿ.

ಪೇಪರ್ ಬರೆಯುವಾಗ ಕ್ಲಸ್ಟರಿನ ಹೆಸರು ಹಾಕುವುದು ಮರೆಯಬೇಡಿ. ಅಕೌಂಟ್ ರಿನ್ಯೂ ಮಾಡುವಾಗ ಅಂಥ ಪೇಪರ್‌ಗಳ ಪಟ್ಟಿ ಕೇಳುವವರಿದ್ದಾರೆ.