ಪದ್ಯದ ಬಗ್ಗೆ ಒಂದು ಪುಟ: ಸಾರಾಂಶ ಬಿಡಿ, ಸ್ವಾರಸ್ಯ ಬರೆಯಿರಿ

ಗಂಗಾವತಿ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ಕನ್ನಡ ಕಲಿಸುತ್ತೇನೆ. ಪ್ರತಿ ಪರೀಕ್ಷೆಯಲ್ಲೂ ಒಂದು ವಾಕ್ಯ ತಪ್ಪದೆ ಸಿಗುತ್ತದೆ: 'ಕವಿ ಇಲ್ಲಿ ಬಹಳ ಸ್ವಾರಸ್ಯಪೂರ್ಣವಾಗಿ, ಮನೋಜ್ಞವಾಗಿ ವರ್ಣಿಸಿದ್ದಾರೆ.' ಯಾವ ಪದ್ಯ ಕೊಟ್ಟರೂ ಇದೇ ಮಾತು. ಸ್ವಾರಸ್ಯ ಇದೆ ಅಂತ ಬರೆದರೆ ಸ್ವಾರಸ್ಯ ಬರೆದ ಹಾಗಾಯಿತೇ? ಸಾರು ರುಚಿಯಾಗಿದೆ ಅಂದ ಮಾತ್ರಕ್ಕೆ ಅದಕ್ಕೆ ಏನೇನು ಹಾಕಿದ್ದಾರೆ ಅಂತ ಗೊತ್ತಾಗುವುದಿಲ್ಲ, ಅಲ್ವಾ?

ಮಕ್ಕಳಿಗೆ ಪದ್ಯ ತಿಳಿದಿರುತ್ತದೆ. ಬಾಯಲ್ಲಿ ಕೇಳಿದರೆ ಚೆನ್ನಾಗಿ ಹೇಳುತ್ತಾರೆ. ಪೆನ್ನು ಹಿಡಿದ ಕೂಡಲೇ ಗೈಡಿನ ಮಾತು ಬಂದುಬಿಡುತ್ತದೆ. ಎಂಟರಿಂದ ಹತ್ತನೇ ಕ್ಲಾಸಿನ ಮಕ್ಕಳು ಒಂದು ಪುಟದ ವಿಮರ್ಶೆಯನ್ನು ತಮ್ಮದೇ ಮಾತಿನಲ್ಲಿ ಬರೆಯುವುದು ಹೇಗೆ ಅಂತ ಇಲ್ಲಿ ಹೇಳುತ್ತೇನೆ.

ಉದಾಹರಣೆಗೆ ನಮ್ಮ ಸೀಮೆಯವಳದ್ದೇ ಒಂದು ವಚನ ತೆಗೆದುಕೊಳ್ಳೋಣ. 12ನೇ ಶತಮಾನದ ಆಯ್ದಕ್ಕಿ ಲಕ್ಕಮ್ಮ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವಳು. ಗಂಡ ಮಾರಯ್ಯ ಕಲ್ಯಾಣದಲ್ಲಿ ನೆಲಕ್ಕೆ ಬಿದ್ದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಎಂದಿಗಿಂತ ಜಾಸ್ತಿ ತಂದ. ಆಗ ಅವಳು ಆಡಿದ ಮಾತು ಇದು ಅಂತ ಕಥೆ:

ಆಸೆಯೆಂಬುದು ಅರಸಿಂಗಲ್ಲದೆ ಶಿವಭಕ್ತರಿಗುಂಟೆ ಅಯ್ಯಾ?
ರೋಷವೆಂಬುದು ಯಮದೂತರಿಗಲ್ಲದೆ ಅಜಾತರಿಗುಂಟೆ ಅಯ್ಯಾ?
ಈಸಕ್ಕಿಯಾಸೆ ನಿಮಗೇಕೆ? ಈಶ್ವರನೊಪ್ಪ.
ಮಾರಯ್ಯಪ್ರಿಯ ಅಮರೇಶ್ವರಲಿಂಗಕ್ಕೆ ದೂರ ಮಾರಯ್ಯಾ.

ಗದ್ದೆಯಲ್ಲಿ ಹಕ್ಕಲು ಆಯುವುದನ್ನು ಕಂಡ ನಮ್ಮ ಮಕ್ಕಳಿಗೆ ಇದರ ಹಿನ್ನೆಲೆ ಬಿಡಿಸಿ ಹೇಳಬೇಕಾಗಿಲ್ಲ.

ಹಂತ 1: ಓದಿ

ಮೂರು ಸಲ ಓದಿ. ಅದರಲ್ಲಿ ಒಂದು ಸಲ ಗಟ್ಟಿಯಾಗಿ ಓದಲೇಬೇಕು. 'ಅಜಾತ' ಅಂದರೆ ಹುಟ್ಟು ಇಲ್ಲದವನು. ಇಂಥ ಪದಕ್ಕೆ ನಿಘಂಟು ನೋಡಿ. ಪಕ್ಕದವರನ್ನು ಕೇಳಿಕೊಂಡು ಊಹೆ ಮಾಡಬೇಡಿ.

ಹಂತ 2: ಗುರುತು ಹಾಕಿ

ಪೆನ್ಸಿಲ್‌ನಿಂದ ಮೂರೇ ಮೂರು ಪದಗಳಿಗೆ ಗೆರೆ ಎಳೆಯಿರಿ. ನಿಮ್ಮನ್ನು ತಡೆದು ನಿಲ್ಲಿಸಿದ ಪದಗಳು ಅವಾಗಿರಲಿ. ಹೈಲೈಟರ್ ಬೇಡವೇ ಬೇಡ. ಪಠ್ಯಪುಸ್ತಕದ ತೆಳು ಹಾಳೆಯಲ್ಲಿ ಅದು ಹಿಂದಿನ ಪುಟಕ್ಕೂ ಇಳಿಯುತ್ತದೆ. ಪುಟವೆಲ್ಲ ಹಳದಿ ಆದ ಮೇಲೆ ಮುಖ್ಯವಾದದ್ದು ಯಾವುದು ಅಂತ ಕಣ್ಣಿಗೇ ಬೀಳುವುದಿಲ್ಲ.

ಹಂತ 3: ಹೇಳುವ ಮಾತು ಒಂದೇ ಇರಲಿ

'ಈ ವಚನ ದುರಾಸೆ ಕೆಟ್ಟದ್ದು ಎಂದು ಹೇಳುತ್ತದೆ.' ನೂರಕ್ಕೆ ತೊಂಬತ್ತು ಮಕ್ಕಳು ಹೀಗೆ ಶುರು ಮಾಡುತ್ತಾರೆ. ತಪ್ಪೇನಿಲ್ಲ. ಆದರೆ ಇದನ್ನು ಯಾರೂ ಅಲ್ಲ ಅನ್ನುವುದಿಲ್ಲ. ಯಾರೂ ಅಲ್ಲ ಅನ್ನದ ಮಾತಿಗೆ ಒಂದು ಪುಟ ಏಕೆ ಬೇಕು? 'ಲಕ್ಕಮ್ಮ ಗಂಡನನ್ನು ಬೈಯುವುದಿಲ್ಲ, ಪ್ರಶ್ನೆ ಕೇಳಿ ಕೇಳಿ ಅವನ ತಪ್ಪು ಅವನಿಗೇ ಕಾಣುವಂತೆ ಮಾಡುತ್ತಾಳೆ' ಅಂತ ಬರೆದು ನೋಡಿ. ಈಗ ಒಬ್ಬ ಎದ್ದು 'ಇಲ್ಲ ಟೀಚರ್, ಅಕಿ ಬೈದಾಳ' ಅನ್ನಬಹುದು. ಹಾಗೆ ಅನ್ನಲು ಜಾಗ ಇದ್ದರೆ ಅದು ಬರೆಯಲು ತಕ್ಕ ಮಾತು.

ಹಂತ 4: ಸಾಲಿನಿಂದ ಅರ್ಥಕ್ಕೆ ದಾರಿ

ಹೆಚ್ಚಿನವರು ಸೋಲುವುದು ಇಲ್ಲಿಯೇ. ಸಾಲನ್ನು ಉದ್ಧರಿಸುತ್ತಾರೆ. ಅದರ ಕೆಳಗೆ ಅದೇ ಸಾಲನ್ನು ಹೊಸಗನ್ನಡದಲ್ಲಿ ಬರೆಯುತ್ತಾರೆ. ಕೊನೆಗೆ 'ಇದರಿಂದ ಆಸೆ ಪಡಬಾರದು ಎಂದು ತಿಳಿಯುತ್ತದೆ' ಅಂತ ಮುಗಿಸುತ್ತಾರೆ. ಸಾಲಿಗೂ ತೀರ್ಮಾನಕ್ಕೂ ನಡುವೆ ಏನೂ ಇರುವುದಿಲ್ಲ. ಆ ನಡುವಿನ ಜಾಗವೇ ವಿಮರ್ಶೆ.

ಅಲ್ಲಿ ಏನು ಬರೆಯುವುದು? ಇಡೀ ಸಾಲು ಬೇಡ, ಒಂದು ಪದ ಹಿಡಿಯಿರಿ. 'ಈಸಕ್ಕಿ' ತೆಗೆದುಕೊಳ್ಳಿ. ಈಸು ಅಂದರೆ ಇಷ್ಟು. ನಮ್ಮ ಕಡೆ ಅಜ್ಜಿಯರು 'ಏಸು ದಿನ ಆತು' ಅಂತಾರಲ್ಲ, ಅದರ ಜೊತೆಯ ಪದ. ಒಂದು ಸಲ ಕ್ಲಾಸಿನಲ್ಲಿ ಕೇಳಿದೆ, ಇಷ್ಟು ಅಂದರೆ ಎಷ್ಟು? ಒಬ್ಬ ಹುಡುಗ, 'ಭಾಳ ಅಂತ ರೀ ಟೀಚರ್, ಜಾಸ್ತಿ ತಂದಾನಲ್ಲ' ಅಂದ. ಹಿಂದಿನ ಬೆಂಚಿನ ಹುಡುಗಿ ಒಪ್ಪಲಿಲ್ಲ. 'ಇಲ್ರೀ, ಇಷ್ಟೇ ಇಷ್ಟು ಅಂತ. ಇಷ್ಟಕ್ಕ ಯಾಕ ಆಸೆ ಮಾಡ್ತಿ ಅಂತ ಕೇಳ್ತಾಳ' ಅಂದಳು. ಇಬ್ಬರದ್ದೂ ಸರಿ. ಅಕ್ಕಿ ಅಗತ್ಯಕ್ಕಿಂತ ಜಾಸ್ತಿ, ಆದರೆ ಅದಕ್ಕಾಗಿ ಕಳೆದುಕೊಳ್ಳುವುದನ್ನು ನೋಡಿದರೆ ತೀರಾ ಕಡಿಮೆ. ಆ ಹುಡುಗಿಯ ಉತ್ತರ ಪತ್ರಿಕೆಯಲ್ಲಿ ಆ ಒಂದು ಪದಕ್ಕೇ ಆರು ವಾಕ್ಯ ಇದ್ದವು. ಓದಿ ನನಗೆ ತುಂಬಾ ಸಂತೋಷವಾಯಿತು.

ಪದ ಹಿಡಿದ ಮೇಲೆ ಮೂರು ಪ್ರಶ್ನೆ ಕೇಳಿಕೊಳ್ಳಿ.

ಈ ಪದದ ಬದಲು ಬೇರೆ ಪದ ಇದ್ದಿದ್ದರೆ? 'ಆಸೆ ಅರಸನಿಗೆ' ಅನ್ನುವ ಕಡೆ 'ಆಸೆ ಸಾಹುಕಾರನಿಗೆ' ಅಂತ ಇಟ್ಟು ನೋಡಿ. ಪೆಟ್ಟು ಸಡಿಲವಾಗುತ್ತದೆ. ಎಲ್ಲ ಇದ್ದರೂ ಇನ್ನೂ ಬೇಕು ಅನ್ನುವವನು ಅರಸ. ನೆಲದ ಅಕ್ಕಿ ಆಯುವವನನ್ನು ಆ ಅರಸನ ಪಕ್ಕ ನಿಲ್ಲಿಸಿ ತೋರಿಸುತ್ತಾಳೆ ಲಕ್ಕಮ್ಮ.

ಈ ಪದ ಎಲ್ಲಿ ಬಂದಿದೆ? ಮೊದಲು 'ಶಿವಭಕ್ತರಿಗೆ', ಆಮೇಲೆ 'ಅಜಾತರಿಗೆ', ಆಮೇಲೆ 'ನಿಮಗೆ', ಕೊನೆಗೆ ಹೆಸರು ಹಿಡಿದು 'ಮಾರಯ್ಯಾ'. ದೂರದಿಂದ ಶುರುವಾದ ಮಾತು ಹೆಜ್ಜೆ ಹೆಜ್ಜೆಗೂ ಅವನ ಹತ್ತಿರ ಬರುತ್ತದೆ. ಇದನ್ನು ಗುರುತಿಸಿದ ಮಗು ಅರ್ಧ ಪುಟ ಸುಲಭವಾಗಿ ಬರೆಯುತ್ತದೆ.

ಇದರ ಪಕ್ಕ ಯಾವ ಪದ ಇದೆ? ಕೊನೆಯ ಸಾಲು ನೋಡಿ. 'ಮಾರಯ್ಯಪ್ರಿಯ' ಅನ್ನುವುದು ಅಂಕಿತದ ಭಾಗ ಅಂತ ಮಕ್ಕಳು ಸುಮ್ನೆ ದಾಟಿಬಿಡುತ್ತಾರೆ. ದಾಟಬೇಡಿ. ಒಂದೇ ಸಾಲಿನಲ್ಲಿ 'ಪ್ರಿಯ' ಇದೆ, 'ದೂರ' ಇದೆ, ಮಾರಯ್ಯನ ಹೆಸರು ಎರಡು ಸಲ ಇದೆ. ಮಾರಯ್ಯನಿಗೆ ಪ್ರಿಯನಾದ ದೇವರಿಗೆ ಮಾರಯ್ಯನೇ ದೂರವಾಗುತ್ತಾನೆ.

ಈಗ ಬರವಣಿಗೆ ಹೀಗೆ ಬರುತ್ತದೆ: 'ಮೊದಲ ಎರಡು ಸಾಲು ಪ್ರಶ್ನೆಗಳು. ಮೂರನೆಯ ಸಾಲಿನಲ್ಲೂ ಪ್ರಶ್ನೆ ಇದೆ. ಆದರೆ ಅದರ ಹಿಂದೆಯೇ ಈಶ್ವರನೊಪ್ಪ, ಅಂದರೆ ಈಶ್ವರ ಒಪ್ಪುವುದಿಲ್ಲ, ಎಂಬ ಪುಟ್ಟ ಉತ್ತರ ಬರುತ್ತದೆ. ಅಲ್ಲಿಯವರೆಗೆ ಮಾರಯ್ಯನಿಗೆ ಉತ್ತರ ಹೇಳಲು ಅವಕಾಶ ಇತ್ತು. ಈ ಮಾತಿನ ನಂತರ ಇಲ್ಲ.' ನಾಲ್ಕೈದು ಚಿಕ್ಕ ವಾಕ್ಯ. ಮನೋಜ್ಞ ಅನ್ನುವ ಪದ ಎಲ್ಲೂ ಇಲ್ಲ.

ಗೈಡುಗಳ ಬಗ್ಗೆ ಒಂದು ಮಾತು. ಅವುಗಳಲ್ಲಿ ಈ ನಡುವಿನ ಜಾಗ ಯಾವಾಗಲೂ ಖಾಲಿ. ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಪಿಡಿಎಫ್ ನೋಟ್ಸ್ ಇನ್ನೂ ಕೆಟ್ಟದ್ದು, ವಚನದ ಸಾಲುಗಳನ್ನೇ ತಪ್ಪಾಗಿ ಟೈಪ್ ಮಾಡಿರುತ್ತಾರೆ. ಮೊಬೈಲಿಗೆ ಕೇಳಿ ಉತ್ತರ ಬರೆಸಿಕೊಂಡ ಮಕ್ಕಳನ್ನೂ ನೋಡಿದ್ದೇನೆ. 'ಈಸಕ್ಕಿ' ಅಂದರೆ ಏನು ಅಂತ ಕೇಳಿದರೆ ಸುಮ್ಮನೆ ನಿಲ್ಲುತ್ತಾರೆ. ಬರೆದು ಮುಗಿಯುವ ತನಕ ಇವನ್ನೆಲ್ಲ ಚೀಲದಲ್ಲಿಡಿ.

ಹಂತ 5: ಜೋಡಿಸಿ

ಮೊದಲು ನಿಮ್ಮ ಮಾತು, ಆಮೇಲೆ ಎರಡು ಅಥವಾ ಮೂರು ಪದಗಳ ವಿವರಣೆ. 'ಸಾಹಿತ್ಯ ಸಮಾಜದ ಕನ್ನಡಿ' ಅಂತ ಪೀಠಿಕೆ ಹಾಕಬೇಡಿ. ಲಕ್ಕಮ್ಮನ ಪರಿಚಯ ಎರಡು ಸಾಲು ಸಾಕು.

ಹಂತ 6: ಹೊಡೆದುಹಾಕಿ

ಒಂದೊಂದು ವಾಕ್ಯಕ್ಕೂ ಬೆರಳಿಟ್ಟು ಕೇಳಿ: ಇದನ್ನು ಬೇರೆ ಪದ್ಯದ ಉತ್ತರದಲ್ಲಿ ಇಟ್ಟರೂ ಹೊಂದುತ್ತದೆಯೇ? ಹೊಂದಿದರೆ ಹೊಡೆದುಹಾಕಿ. ಮೊದಲ ಸಲ ಹೀಗೆ ಮಾಡಿದಾಗ ಒಂದು ಪುಟದಲ್ಲಿ ಐದಾರು ಸಾಲು ಮಾತ್ರ ಉಳಿಯಬಹುದು. ಗಾಬರಿ ಬೇಡ, ಜಾಗ ತುಂಬಿಸಲು ಹೋಗಬೇಡಿ. ಉಳಿದ ಐದು ಸಾಲು ಇಟ್ಟುಕೊಂಡು ಮತ್ತೆ ನಾಲ್ಕನೇ ಹಂತಕ್ಕೆ ಹೋಗಿ, ಇನ್ನೊಂದು ಪದ ಹಿಡಿಯಿರಿ.