ಕುದುರೆಮುಖಕ್ಕೆ ದಾವಣಗೆರೆಯಿಂದ: ನಾನು ಹಾಕುವ ಲೆಕ್ಕ

ಕುದುರೆಮುಖ ಚಾರಣದ ಲೆಕ್ಕವನ್ನು ನಾನು ಸಂಜೆಯಿಂದ ಹಿಂದಕ್ಕೆ ಹಾಕುತ್ತೇನೆ. ಐದು ಗಂಟೆಗೆ, ಚಾರಣ ಶುರುವಾಗುವ ಮುಳ್ಳೋಡಿಗೆ ಇಳಿದಿರಬೇಕು. ಇಳಿಯುವುದಕ್ಕೆ ನಾಲ್ಕು ಗಂಟೆ, ಕೈಯಲ್ಲಿ ಅರ್ಧ ಗಂಟೆ. ಅಂದರೆ ತುದಿ ಸಿಗಲಿ ಬಿಡಲಿ, ಹನ್ನೆರಡೂವರೆಗೆ ಎಲ್ಲಿದ್ದೀವೋ ಅಲ್ಲಿಂದಲೇ ವಾಪಸ್. ಹೋಗಿಬರಲು 20ರಿಂದ 22 ಕಿ.ಮೀ., ಶಿಖರ ಸುಮಾರು 1,890 ಮೀಟರ್. ಹತ್ತಲು ಐದು ಗಂಟೆ ಹಿಡಿದರೆ ಏಳೂವರೆಯೊಳಗೆ ಹೆಜ್ಜೆ ಶುರುವಾಗಬೇಕು. ಜೀಪು, ಗೈಡು, ಗುರುತಿನ ಚೀಟಿ ತಪಾಸಣೆಗೆ ಒಂದೂವರೆ ಗಂಟೆ ಸುಲಭವಾಗಿ ಹೋಗುತ್ತದೆ. ಆದ್ದರಿಂದ ದಾವಣಗೆರೆಯಿಂದ ರಾತ್ರಿಯಿಡೀ ಗಾಡಿ ಓಡಿಸಿ ನೇರ ಬೆಟ್ಟ ಹತ್ತುವ ಯೋಚನೆ ಬಿಡಿ. ಸುಮಾರು ಇನ್ನೂರು ಕಿ.ಮೀ. ದಾರಿ, ಕೊನೆಯ ಭಾಗವೆಲ್ಲ ತಿರುವು. ಹಿಂದಿನ ದಿನವೇ ಹೊರಟು ಕಳಸ ಅಥವಾ ಸಂಸೆಯಲ್ಲಿ ಮಲಗಿ.

ಗಾಡಿ ಗೊತ್ತು ಮಾಡುವ ಮೊದಲು ಟಿಕೆಟ್. ಈ ದಾರಿಗೆ ದಿನಕ್ಕೆ 300 ಜನರ ಮಿತಿಯಿದೆ, ಬುಕಿಂಗ್ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ. ಶನಿವಾರ, ಭಾನುವಾರಕ್ಕೆ ಆಸೆಪಡದೆ ಮಂಗಳವಾರ ಅಥವಾ ಬುಧವಾರ ನೋಡಿ; ಒಂದು ದಿನ ರಜೆ ಹಾಕಿದರೂ ಲಾಭವೇ. ಟಿಕೆಟ್ ಪ್ರಿಂಟ್ ತೆಗೆದಿಟ್ಟುಕೊಳ್ಳಿ, ಬೆಟ್ಟದ ಬುಡದಲ್ಲಿ ನೆಟ್‌ವರ್ಕ್ ನಂಬುವಂತಿಲ್ಲ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ, ಮಳೆ ಜೋರಾದಾಗ ಹಳ್ಳಗಳ ಭಯಕ್ಕೆ ದಾರಿ ಮುಚ್ಚುವುದುಂಟು. ನನ್ನ ಆಯ್ಕೆ ಅಕ್ಟೋಬರ್ ಕೊನೆಯಿಂದ ಡಿಸೆಂಬರ್.

ಬಯಲುಸೀಮೆಯ ನಮಗೆ ಕೈಕೊಡುವುದು ಉಸಿರಲ್ಲ, ಮಂಡಿ. ನಮ್ಮೂರಿನ ಕುಂದುವಾಡ ಕೆರೆ ಎಷ್ಟು ಸುತ್ತು ಹಾಕಿದರೂ ಅದು ಸಮತಟ್ಟು ನೆಲ. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು. ಆ ಅಭ್ಯಾಸ ಇಲ್ಲದಿದ್ದರೆ ದಾರಿಯಲ್ಲಿ ಗುರುತಿಗಿರುವ ಒಂಟಿಮರದ ಕೆಳಗೆ ಬರುವಷ್ಟರಲ್ಲಿ ಕಾಲು ನಡುಗುತ್ತದೆ. ನಾಲ್ಕು ವಾರ ಮೊದಲಿನಿಂದ ವಾರಕ್ಕೊಮ್ಮೆ ಚಿತ್ರದುರ್ಗದ ಕೋಟೆ ಅಥವಾ ಜೋಗಿಮಟ್ಟಿ ಬೆಟ್ಟ ಹತ್ತಿ ಇಳಿಯಿರಿ. ಬೆನ್ನಿಗೆ ಐದು ಕೆ.ಜಿ. ಚೀಲ ಹಾಕಿ, ಹತ್ತುವಾಗಲ್ಲ, ಇಳಿಯುವಾಗ ನಿಧಾನ ಮಾಡಿ. ಒಂದು ಕೊರತೆ ಮಾತ್ರ ಉಳಿಯುತ್ತದೆ: ದುರ್ಗದ ಒಣಬಂಡೆ ಮೇಲೆ ಹಿಡಿಯುವ ಶೂ ಮಲೆನಾಡಿನ ಪಾಚಿ ಮೇಲೆ ಜಾರುತ್ತದೆ. ಅಟ್ಟದ ಮೇಲಿಟ್ಟಿದ್ದ ಹಳೇ ಶೂ ತಂದರೆ ಇನ್ನೂ ಕಷ್ಟ, ವರ್ಷಗಟ್ಟಲೆ ಬಿದ್ದದ್ದರ ಅಂಟು ಸತ್ತು ಅಡಿ ಕಿತ್ತುಬರುತ್ತದೆ. ಹೊರಡುವ ವಾರ ಅದನ್ನೇ ಹಾಕಿ ಹತ್ತು ಕಿ.ಮೀ. ನಡೆದು ನೋಡಿ. ಉಗುರು ಕತ್ತರಿಸಿ; ಉದ್ದವಿದ್ದರೆ ಇಳಿಜಾರಲ್ಲಿ ಶೂ ತುದಿಗೆ ಬಡಿದು ಹೆಬ್ಬೆರಳು ಕಪ್ಪಾಗುತ್ತದೆ.

ತಿಂಡಿಗೆ ಮಂಡಕ್ಕಿ ಬೇಡ (ದಾವಣಗೆರೆಯವನಾಗಿ ಹೇಳುವುದಕ್ಕೆ ಬೇಜಾರೇ). ಆ ಮಂಜಿನಲ್ಲಿ ಅರ್ಧ ಗಂಟೆಗೆ ಮೆತ್ತಗಾಗುತ್ತದೆ, ಜಾಗ ಬೇರೆ ತಿನ್ನುತ್ತದೆ. ಚಪಾತಿ, ಶೇಂಗಾ ಚಟ್ನಿಪುಡಿ, ಬೆಲ್ಲ, ಖರ್ಜೂರ ಸಾಕು. ಸ್ಟೀಲ್ ಡಬ್ಬಿಯಲ್ಲಿರಲಿ, ಪ್ಲಾಸ್ಟಿಕ್ ಕವರ್ ಒಯ್ಯಬೇಡಿ. ನೀರು ತಲೆಗೆ ಎರಡೂವರೆ ಲೀಟರ್. ಓಆರ್‌ಎಸ್ ಪುಡಿಯನ್ನು ಪ್ಯಾಕೆಟ್ ಮೇಲಿದ್ದಷ್ಟೇ ನೀರಿಗೆ ಬೆರೆಸಿ. ಒಂದು ಲೀಟರಿನದ್ದನ್ನು ಅರ್ಧ ಲೀಟರಿಗೆ ಕಲಸಿದರೆ ಉಪ್ಪು ಹೆಚ್ಚಾಗಿ ಬಾಯಾರಿಕೆ ಇನ್ನೂ ಏರುತ್ತದೆ.

ಹಳ್ಳದ ವಿಷಯಕ್ಕೆ ಬಂದರೆ, ಬೆಳಿಗ್ಗೆ ಪಾದ ಮುಳುಗುವಷ್ಟಿದ್ದ ನೀರು ಮಧ್ಯಾಹ್ನ ಮೇಲೆ ಮಳೆ ಬಿದ್ದರೆ ಮಂಡಿಗೆ ಬರಬಹುದು. ಕೆಂಪಾಗಿ ಕಸಕಡ್ಡಿ ತೇಲಿಬರುತ್ತಿದ್ದರೆ ಇಳಿಯಲೇಬೇಡಿ, ಕಾಯಿರಿ. ಮಳೆ ನಿಂತರೆ ಬೆಟ್ಟದ ಹಳ್ಳ ಬೇಗ ಇಳಿಯುತ್ತದೆ. ಕೈಯಲ್ಲಿಟ್ಟ ಅರ್ಧ ಗಂಟೆ ಇದಕ್ಕೇ. ದಾಟುವಾಗ ಚೀಲದ ಸೊಂಟದ ಬೆಲ್ಟ್ ಬಿಚ್ಚಿಟ್ಟುಕೊಳ್ಳಿ, ಜಾರಿದರೆ ತಕ್ಷಣ ಕಳಚಲು.

ಇಂಬಳಕ್ಕೆ (ಜಿಗಣೆಗೆ) ಹೆದರಬೇಕಿಲ್ಲ. ಎಳೆದು ಕೀಳದೆ, ಅದರ ಬಾಯಿ ಅಂಟಿದ ಕಡೆ ಉಗುರು ತೂರಿಸಿ ಬದಿಗೆ ಸರಿಸಿ ಬಿಡಿಸಿ. ಅದರ ಜೊಲ್ಲು ರಕ್ತ ಹೆಪ್ಪುಗಟ್ಟದಂತೆ ಮಾಡುವುದರಿಂದ ಬಹಳ ಹೊತ್ತು ಸೋರುತ್ತದೆ. ತೊಳೆದು ಬಟ್ಟೆಯಿಂದ ಒತ್ತಿ ಹಿಡಿಯಿರಿ. ಕೆಳಗೆ ಬಂದ ಮೇಲೆ ಜೀಪು ಹತ್ತುವ ಮುಂಚೆ ಬೆರಳ ಸಂದು, ಸಾಕ್ಸಿನ ಮಡಿಕೆ, ಸೊಂಟದ ಪಟ್ಟಿ ನೋಡಿಕೊಳ್ಳಿ. ಆ ರಾತ್ರಿಯೂ ಕಳಸದಲ್ಲೇ ಮಲಗಿ, ಬೆಳಿಗ್ಗೆ ಬಾಳೆಹೊನ್ನೂರಿನ ಕಡೆ ಹೊರಡಿ. ಬಿಗಿದ ಕಾಲಲ್ಲಿ ಕ್ಲಚ್ ಒತ್ತುತ್ತ ಕತ್ತಲಲ್ಲಿ ತಿರುವು ಇಳಿಯುವುದು ಬೇಡ.