ಆವು ಅಂದರೆ ಹಾವೋ, ಹಸುವೋ?

ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಒಂದನೇ ತರಗತಿಯ ಹುಡುಗನೊಬ್ಬ ಬಾಗಿಲಲ್ಲಿ ನಿಂತು "ಮಿಸ್, ಆವು! ಆವು ಬಂದೈತೆ!" ಅಂತ ಕೂಗಿದ. ಅವನ ಮನೆಮಾತು ಕನ್ನಡ, ಹಕಾರ ನುಂಗಿ ಮಾತಾಡುವ ಮನೆ. ನಾನು ಬೆಚ್ಚಿಬಿದ್ದೆ. ಉಳಿದ ಮಕ್ಕಳು ಮಾತ್ರ ಅಲ್ಲಾಡಲಿಲ್ಲ. ಇಬ್ಬರಂತೂ ನೋಡೋಣ ಅಂತ ಎದ್ದು ಬಾಗಿಲ ಕಡೆಗೇ ಹೊರಟರು. ಬಾಗೇಪಲ್ಲಿ ಕಡೆಯ ನಮ್ಮ ಶಾಲೆಯಲ್ಲಿ ಹೆಚ್ಚಿನ ಮಕ್ಕಳು ಮನೆಯಲ್ಲಿ ತೆಲುಗು ಮಾತಾಡುತ್ತಾರೆ. ತೆಲುಗಿನಲ್ಲಿ ಆವು ಅಂದರೆ ಹಸು. ಹಾವಿಗೆ ಅವರು ಅನ್ನುವುದು ಪಾಮು. ಬಂದದ್ದು ಕೇರೆಹಾವು, ತನ್ನ ಪಾಡಿಗೆ ಬೇಲಿಯೊಳಗೆ ಹೋಯಿತು. ಆದರೆ ಬಾಗಿಲ ಕಡೆಗೆ ನಡೆದ ಆ ಎರಡು ಮಕ್ಕಳು ನನ್ನ ತಲೆಯಿಂದ ಹೋಗಲಿಲ್ಲ.

ಆಡುತ್ತಾ ಕಲಿಯುವ ನಲಿ-ಕಲಿ ತರಗತಿಗೆ ನಾನೇ ಮಿಂಚುಪಟ್ಟಿ, ಅಂದರೆ ಫ್ಲ್ಯಾಶ್ ಕಾರ್ಡ್, ಮಾಡಿಕೊಳ್ಳುತ್ತೇನೆ. ಈ ಮಕ್ಕಳಿಗೆ ಯಾವ ಕನ್ನಡ ಪದ ಮನೆಯಿಂದಲೇ ಅರ್ಧ ಗೊತ್ತು, ಯಾವುದು ದಾರಿ ತಪ್ಪಿಸುತ್ತದೆ, ಯಾವುದು ಪೂರ್ತಿ ಹೊಸದು ಅಂತ ವಿಂಗಡಿಸಿಕೊಂಡರೆ ಪಾಠದ ಕ್ರಮವೇ ಬೇರೆಯಾಗುತ್ತದೆ ಅನ್ನಿಸಿತು. ಸುಮಾರು 300 ಪದ ಪಟ್ಟಿ ಮಾಡಿ, ಪಕ್ಕದಲ್ಲಿ ತೆಲುಗು ಪದ ಬರೆದೆ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಅಷ್ಟಿಷ್ಟು ಕಲಿತಿದ್ದೆ, ಎರಡು ಪದ ಎಷ್ಟು ಹೋಲುತ್ತವೆ ಅಂತ ಕಂಪ್ಯೂಟರಿಗೇ ಅಳೆಯಲು ಬಿಟ್ಟೆ.

ಎರಡು ಲಿಪಿಯನ್ನು ಒಂದು ಮಾಡುವುದು ನಾನು ಅಂದುಕೊಂಡದ್ದಕ್ಕಿಂತ ಸುಲಭವಾಯಿತು. ಕಂಪ್ಯೂಟರಿಗಾಗಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ತೆಲುಗು ಮತ್ತು ಕನ್ನಡ ಅಕ್ಷರಗಳು ಒಂದೇ ಕ್ರಮದಲ್ಲಿ, ಅಕ್ಕಪಕ್ಕದ ಮನೆಗಳ ಹಾಗೆ ಕೂತಿವೆ. ತೆಲುಗು ಅಕ್ಷರದ ಸಂಖ್ಯೆಗೆ 128 ಕೂಡಿಸಿದರೆ ಅದೇ ಉಚ್ಚಾರದ ಕನ್ನಡ ಅಕ್ಷರ ಬರುತ್ತದೆ. ತೊಂದರೆ ಕೊಟ್ಟದ್ದು ಕನ್ನಡದ ಓಕಾರ. ಕೆಲವು ಕಡತಗಳಲ್ಲಿ ಅದು ಒಂದೇ ಚಿಹ್ನೆಯಾಗಿ, ಕೆಲವದರಲ್ಲಿ ಮೂರು ತುಂಡಾಗಿ ಇರುತ್ತದೆ. ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ. ಎಲ್ಲವನ್ನೂ ಮೊದಲು ಒಂದೇ ರೂಪಕ್ಕೆ ತರದೆ ಅಳೆದರೆ ಕೋಳಿ, ಕೋಲು ಎಲ್ಲ ಕೆಡುತ್ತವೆ.

ಆಮೇಲೆ ಲೆವೆನ್‌ಸ್ಟೈನ್ ಅಂತರ ಲೆಕ್ಕ ಹಾಕಿದೆ: ಒಂದು ಪದವನ್ನು ಇನ್ನೊಂದಾಗಿಸಲು ಎಷ್ಟು ಅಕ್ಷರ ಅಥವಾ ಸ್ವರಚಿಹ್ನೆ ಬದಲಿಸಬೇಕು, ಸೇರಿಸಬೇಕು, ತೆಗೆಯಬೇಕು ಅನ್ನುವ ಎಣಿಕೆ. ಅದನ್ನು ಪದದ ಉದ್ದದಿಂದ ಭಾಗಿಸಿದೆ. ಪಟ್ಟಿಯ ತುದಿಯಲ್ಲಿ ಪುಸ್ತಕ–ಪುಸ್ತಕಂ, ಆಕಾಶ–ಆಕಾಶಂ, ಸಮುದ್ರ–ಸಮುದ್ರಂ ಬಂದು ಕೂತವು. ಹಾಲು–ಪಾಲು ಅವುಗಳ ಕೆಳಗೆ. ಕಿವಿ–ಚೆವಿ ಇನ್ನೂ ಕೆಳಗೆ. ಕೆರೆ–ಚೆರುವು ತಳದಲ್ಲಿ, ಆರು ಚಿಹ್ನೆಗಳಲ್ಲಿ ನಾಲ್ಕು ಬೇರೆ. ನಮ್ಮೂರಿನ ಆರು ವರ್ಷದ ಮಗು ಸಮುದ್ರ ನೋಡಿಲ್ಲ, ಚೆರುವಿನ ಏರಿಯ ಮೇಲೆ ದಿನಾ ನಡೆದು ಬರುತ್ತದೆ. ಹಾವು–ಪಾಮು ಅಳೆದರೆ ಅಂತರ 2. ಹಾವು–ಆವು ಅಳೆದರೂ 2. ಇನ್ನು ಕನ್ನಡದ ಕೋಡಿ, ಅಂದರೆ ಕೆರೆ ತುಂಬಿ ಹರಿಯುವ ಜಾಗ, ತೆಲುಗಿನ ಕೋಡಿಗೆ, ಅಂದರೆ ಕೋಳಿಗೆ, ಅಂತರ ಸೊನ್ನೆ!

ಎಷ್ಟು ಹೋಲುತ್ತವೆ ಅಂತ ಎಣಿಸಿದ್ದೇ ತಪ್ಪು ಅನ್ನುವುದು ನನಗೆ ಹೊಳೆಯಲು ಒಂದು ವಾರ ಹಿಡಿಯಿತು. ತುದಿಯಲ್ಲಿ ಬಂದದ್ದು ಹೆಚ್ಚಾಗಿ ಎರಡೂ ಭಾಷೆ ಸಂಸ್ಕೃತದಿಂದ ತಂದುಕೊಂಡ ಪದ. ಅದು ಒಂದೇ ಅಂಗಡಿಯ ಬಟ್ಟೆ, ರಕ್ತಸಂಬಂಧ ಅಲ್ಲ. ಲಿಪಿ ಹೋಲುವುದೂ ಹಾಗೇ. ಭಾಷಾಶಾಸ್ತ್ರಜ್ಞರು ಕನ್ನಡವನ್ನು ತಮಿಳಿನ ಜೊತೆ ಒಂದು ಕವಲಿನಲ್ಲಿಟ್ಟು, ತೆಲುಗನ್ನು ಪಕ್ಕದ ಇನ್ನೊಂದು ಕವಲಿಗೆ ಸೇರಿಸುತ್ತಾರೆ. ನಂಟು ತಿಳಿಯಬೇಕಾದರೆ ವ್ಯತ್ಯಾಸವನ್ನೇ ನೋಡಬೇಕು, ಅದು ಮತ್ತೆಮತ್ತೆ ಒಂದೇ ರೀತಿ ಬರುತ್ತದೆಯೇ ಅಂತ.

ಹಾಗಾಗಿ ಸಂಸ್ಕೃತದ ಪದಗಳನ್ನು ಕೈಯಾರೆ ತೆಗೆದೆ. ಉಳಿದ ಜೋಡಿಗಳಲ್ಲಿ ಯಾವ ಅಕ್ಷರದ ಎದುರು ಯಾವುದು ಬರುತ್ತದೆ ಅಂತ ಎಣಿಸಿದೆ. ಪದದ ಮೊದಲಲ್ಲಿ ಹ–ಪ ಸಾಲುಗಟ್ಟಿ ಬಂತು: ಹಾಲು–ಪಾಲು, ಹುಲಿ–ಪುಲಿ, ಹಂದಿ–ಪಂದಿ, ಹೊಗೆ–ಪೊಗ. ಹಳಗನ್ನಡದಲ್ಲೂ ಇವು ಪಕಾರದ ಪದಗಳೇ. ಕ–ಚ ಕೂಡ ಬಂತು, ಆದರೆ ಇ, ಎ ಸ್ವರದ ಮುಂದೆ ಮಾತ್ರ: ಕಿವಿ–ಚೆವಿ, ಕೆರೆ–ಚೆರುವು, ಕೆಡು–ಚೆಡು. ಕಾಲು ಎರಡರಲ್ಲೂ ಕಾಲೇ. ಕೈ–ಚೇಯಿ ಮೊದಲು ನಿಯಮಕ್ಕೆ ಸಿಗಲಿಲ್ಲ. ಹಳಗನ್ನಡದ ಕೆಯ್ ಹಾಕಿದ ಕೂಡಲೇ ಸಿಕ್ಕಿತು.

ನನ್ನನ್ನು ಹೆಚ್ಚು ಕಾಡಿದ್ದು, ಹೆಚ್ಚು ಸಂತೋಷ ಕೊಟ್ಟದ್ದೂ ಳಕಾರ. ಕೋಳಿ–ಕೋಡಿ, ಏಳು–ಏಡು, ಕೂಳು–ಕೂಡು ಅಂತ ಕೆಲವು ಕಡೆ ಅದರ ಎದುರು ಡ ಬರುತ್ತಿತ್ತು. ಮುಳ್ಳು–ಮುಲ್ಲು, ಚೇಳು–ತೇಲು ಅಂತ ಕೆಲವು ಕಡೆ ಲ. ಅಕ್ಕಪಕ್ಕದ ಸ್ವರ ನೋಡಿದೆ, ಪದದ ಉದ್ದ ನೋಡಿದೆ, ಯಾವುದಕ್ಕೂ ಜಗ್ಗಲಿಲ್ಲ. ಕೊನೆಗೆ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟು ತೆರೆದೆ. ಏಳು ಅಲ್ಲಿ ಏೞು, ಕೋಳಿ ಕೋೞಿ. ಮುಳ್ಳಿನಲ್ಲಿರುವುದು ಮಾತ್ರ ನಮ್ಮ ಮಾಮೂಲಿ ಳ. ಕನ್ನಡದಲ್ಲಿ ಎರಡು ಬೇರೆ ಧ್ವನಿಗಳಿದ್ದು, ೞ ಹೋಗಿ ಳಕಾರದಲ್ಲಿ ಸೇರಿಕೊಂಡಿತು. ನಾವು ಕಳೆದುಕೊಂಡ ಆ ವ್ಯತ್ಯಾಸವನ್ನು ಓದುಬರಹವಿಲ್ಲದ ನಮ್ಮೂರ ಅಜ್ಜಿಯರು ತೆಲುಗಿನಲ್ಲಿ ಡ, ಲ ಎಂದು ಇವತ್ತಿಗೂ ಬೇರೆ ಮಾಡಿ ನುಡಿಯುತ್ತಿದ್ದಾರೆ. ಆ ರಾತ್ರಿ ನಿಘಂಟು ಮುಚ್ಚಲು ಮನಸ್ಸಾಗಲಿಲ್ಲ.

ಹೀಗೆ ಸಾಲಾಗಿ ಬರುವ ಬದಲಾವಣೆಗಳನ್ನು ಪೂರ್ತಿ ಒಂದು ಅಂತ ಎಣಿಸದೆ, ಕಡಿಮೆ ದಂಡ ಇಟ್ಟು ಮತ್ತೆ ಅಳೆದೆ. ಕೆರೆ ಮೇಲಕ್ಕೆ ಬಂತು, ಪಾಮು ಹಾವಿನ ಹತ್ತಿರ ಬಂತು. ಆದರೆ ಕೋಡಿ ಇನ್ನೂ ಸೊನ್ನೆಯಲ್ಲೇ ಇತ್ತು. ಅಕ್ಷರ ಎಷ್ಟು ಎಣಿಸಿದರೂ ಅರ್ಥ ಸಿಗುವುದಿಲ್ಲವಲ್ಲ. ಅದಕ್ಕೆ ಫಾಸ್ಟ್‌ಟೆಕ್ಸ್ಟ್ ತೆಗೆದುಕೊಂಡೆ. ಅಂತರಜಾಲದ ಮತ್ತು ವಿಕಿಪೀಡಿಯದ ಬರಹದಲ್ಲಿ ಪ್ರತಿ ಪದದ ಅಕ್ಕಪಕ್ಕ ಏನು ಬರುತ್ತದೆ ಅಂತ ಕಲಿತು, ಪದಕ್ಕೆ 300 ಸಂಖ್ಯೆಗಳ ಒಂದು ಸಾಲು ಕೊಡುವ ಮಾದರಿ ಅದು. ಆ ಸಂಖ್ಯೆಗಳು ನಕ್ಷೆಯಲ್ಲಿ ಪದದ ಜಾಗ ಇದ್ದ ಹಾಗೆ, ಅರ್ಥ ಹತ್ತಿರವಿದ್ದರೆ ಜಾಗವೂ ಹತ್ತಿರ. 157 ಭಾಷೆಗಳಿಗೆ ಉಚಿತವಾಗಿ ಸಿಗುತ್ತದೆ. ನನ್ನ ಲ್ಯಾಪ್‌ಟಾಪ್ ಅಷ್ಟು ಭಾರ ತಡೆಯುವುದಿಲ್ಲ. ಕಡತದಲ್ಲಿ ಹೆಚ್ಚು ಬಳಕೆಯ ಪದಗಳು ಮೊದಲಿರುವುದರಿಂದ ಮೊದಲ 50,000 ಸಾಲು ಮಾತ್ರ ಓದಿಸಿದೆ. ನನಗೆ ಗೊತ್ತಿರುವ ಜೋಡಿಗಳನ್ನು ಕೊಟ್ಟು, ಕನ್ನಡದ ನಕ್ಷೆಯನ್ನು ತಿರುಗಿಸಿ ತೆಲುಗಿನ ನಕ್ಷೆಯ ಮೇಲೆ ಕೂರಿಸಿದೆ.

ಕೋಡಿ ಬೇರೆಯಾಯಿತು, ತಿಂಡಿಯೂ ತಕ್ಕಮಟ್ಟಿಗೆ ಬೇರೆಯಾಯಿತು. ನಮಗದು ಬೆಳಗಿನ ಉಪಾಹಾರ, ತೆಲುಗಿನಲ್ಲಿ ಊಟವೇ. ಪಾಲು ಮಾತ್ರ ಸರಿಹೋಗಲಿಲ್ಲ. ತೆಲುಗಿನಲ್ಲಿ ಪಾಲು ಅಂದರೆ ಹಾಲೂ ಹೌದು, ಹಂಚಿಕೆಯ ಪಾಲೂ ಹೌದು. ಈ ಮಾದರಿ ಒಂದು ಪದಕ್ಕೆ ಒಂದೇ ಸಾಲು ಕೊಡುವುದರಿಂದ ಎರಡು ಅರ್ಥವೂ ಕಲಸಿಹೋಗುತ್ತವೆ. ಅಂಥವನ್ನು ನಾನೇ ಕೂತು ಬಿಡಿಸಿದೆ. ಇದು ಕಲಿತದ್ದು ಪತ್ರಿಕೆ, ಜಾಲತಾಣದ ತೆಲುಗು, ನಮ್ಮ ಮಕ್ಕಳ ಮನೆಯ ತೆಲುಗಲ್ಲ. ಆದ್ದರಿಂದ ಪ್ರತಿ ಜೋಡಿಯನ್ನೂ ಬಿಸಿಯೂಟದ ಅಡುಗೆಯಮ್ಮನ ಮುಂದೆ ಓದಿ, "ನಿಮ್ಮಲ್ಲಿ ಹಿಂಗೇ ಅಂತೀರಾ ಅಮ್ಮ?" ಅಂತ ಕೇಳಿ ತಿದ್ದಿಕೊಂಡೆ. ಯಂತ್ರಕ್ಕಿಂತ ಅವರ ಮಾತನ್ನೇ ನಾನು ನಂಬಿದ್ದು.

ಈಗ ಮಿಂಚುಪಟ್ಟಿ ಮೂರು ಕಟ್ಟು: ಅರ್ಧ ಗೊತ್ತಿರುವುದು, ದಾರಿ ತಪ್ಪಿಸುವುದು, ಪೂರ್ತಿ ಹೊಸದು. ಮೊದಲ ಕಟ್ಟಿನ ಹ–ಪ ಪದಗಳಿಂದ ವರ್ಷ ಶುರು. ಜೂನಿನಲ್ಲಿ ಪಾಲು ಹಾಲು, ಪುಲಿ ಹುಲಿ, ಪಂದಿ ಹಂದಿ ಅಂತ ಎರಡು ದಿನ ಆಡಿಸಿದೆ. ಮೂರನೇ ದಿನ ಹೊಗೆಯ ಚಿತ್ರ ಎತ್ತಿದೆ. ಮುಂದಿನ ಸಾಲಿನ ಹುಡುಗಿ "ಪೊಗ" ಅಂದಳು, ತಡೆದಳು, "ಹೊಗ" ಅಂದಳು. ನಾನು ಹೇಳಿಕೊಟ್ಟಿರಲಿಲ್ಲ. ಆಮೇಲೆ ತನ್ನ ಸ್ಲೇಟು ಎತ್ತಿ ಹಿಡಿದಳು. ಮನೆಯಲ್ಲಿ ಅದಕ್ಕೆ ಪಲಕ ಅನ್ನುತ್ತಾರೆ. "ಹಲಕನಾ ಮಿಸ್?"

ನನ್ನ 300 ಪದದಲ್ಲಿ ಅದು ಇರಲೇ ಇಲ್ಲ. ಸ್ಲೇಟು ಈಸಿಕೊಂಡು ಅದರ ಮೇಲೆ "ಹಲಗೆ" ಅಂತ ಬರೆದು ಕೊಟ್ಟೆ.